ಗೀಸರಣ್ಣನ ಬುಗ್ಗೆ ತಪಾಸಣೆ

ಗೀಸರಣ್ಣನ ಅಂಗಡಿಗೆ ಹೊಸ ಬೋರ್ಡು ಬಂದದ್ದೇ ಎಲ್ಲಕ್ಕೂ ಮೂಲ.

ಅಂಗಡಿ ಅಂದರೆ ದೊಡ್ಡದೇನಲ್ಲ. ಒಂದು ಪಕ್ಕ ಕನ್ನಡಕದ ಅಂಗಡಿ, ಇನ್ನೊಂದು ಪಕ್ಕ ಬೀಗದ ಕೈ ಮಾಡುವವನದು. ನಡುವೆ ಇವನ ಅಂಗಡಿ, ಬಸ್ಸಿನಲ್ಲಿ ಇಬ್ಬರು ದಪ್ಪಗಿನವರ ಮಧ್ಯೆ ಸಿಕ್ಕಿಕೊಂಡವನ ಹಾಗೆ ಉಸಿರು ಹಿಡಿದು ನಿಂತಿತ್ತು. ಒಳಗೆ ಹೊಟ್ಟೆ ಬಿಚ್ಚಿಸಿಕೊಂಡು ಮಲಗಿದ ಗೀಸರುಗಳು, ನೀರು ಕಾಯಿಸಿ ಕಾಯಿಸಿ ಸುಣ್ಣ ಕಟ್ಟಿದ ಕಾಯಿಲುಗಳು, ಎಂದೂ ಬೇಕಾದ ಅಳತೆಗೆ ಸಿಗದ ಸ್ಪ್ಯಾನರುಗಳು. ಜನರ ಸ್ನಾನದ ಮನೆಯ ಗೋಡೆಗೆ ನೇತು ಹಾಕಿದ ಗೀಸರು ಕೆಟ್ಟಾಗ ಇಡೀ ಬೀದಿ ಓಡಿ ಬರುತ್ತಿದ್ದದ್ದು ಇವನ ಹತ್ತಿರ. ಹೆತ್ತವರಿಟ್ಟ ಹೆಸರು ಕರೆಂಟು ಬಿಲ್ಲಿನಲ್ಲಿ ಮಾತ್ರ ಉಳಿದಿತ್ತು. ಬೀದಿಗೆಲ್ಲ ಅವನು ಗೀಸರಣ್ಣ.

ಬೋರ್ಡು ಬರೆಯುವವನು "ಗೀಸರ್ ರಿಪೇರಿ" ಅಂತ ಬರೆದು ಮುಗಿಸಿದ ಮೇಲೂ ಹಲಗೆಯ ಅರ್ಧ ಖಾಲಿ ಉಳಿಯಿತು.

"ಬೋಳುತಲೆ ಹಾಗೆ ಕಾಣ್ತಿದೆ. ಇನ್ನೇನಾದ್ರೂ ಹೇಳಿ, ತುಂಬಿಸಿಬಿಡೋಣ," ಅಂದ ಅವನು.

ಗೀಸರಣ್ಣನಿಗೆ ಏನೂ ಹೊಳೆಯಲಿಲ್ಲ. ಕೊನೆಗೆ ಬೋರ್ಡಿನವನೇ ಕುಂಚ ಅದ್ದಿ "ಬಿಸಿನೀರಿನ ತಜ್ಞರು" ಅಂತ ಬರೆದ.

"ತಜ್ಞರು ಅಂದ್ರೆ ಸ್ವಲ್ಪ ಜಾಸ್ತಿ ಆಯ್ತಲ್ವಾ?"

"ಜಾಗಕ್ಕೆ ಸರಿಹೋಯ್ತಲ್ಲ, ನೋಡಿ."

ಲೋಕದಲ್ಲಿ ಎಷ್ಟೋ ಮಂದಿ ತಜ್ಞರಾಗಿರುವುದು ಹೀಗೆಯೇ, ಖಾಲಿ ಜಾಗ ತುಂಬಲಿಕ್ಕೆ. ಗೀಸರಣ್ಣನೂ ಎದುರಿನ ರಸ್ತೆಗೆ ಹೋಗಿ ನಿಂತು ಬೋರ್ಡು ನೋಡಿದ. ಚೆನ್ನಾಗಿಯೇ ಇತ್ತು. ಇನ್ನೊಂದು ಸಲ ನೋಡಿದ. ಬರಬರುತ್ತಾ ನಿಜವೂ ಅನ್ನಿಸಿತು.

ಆ ವಾರವೇ ಅವನ ಭಾವಮೈದ ಬಂದ. ಹೆಂಡತಿಯ ತಮ್ಮ, ವಿಮೆ ಏಜೆಂಟು. ಸಾಯದವರಿಗೂ ಸಾವಿನ ಆಸೆ ಹುಟ್ಟಿಸಬಲ್ಲ ಮಾತುಗಾರ. ಅವನ ಅಮ್ಮನಿಗೆ, ಅಂದರೆ ಗೀಸರಣ್ಣನ ಅತ್ತೆಗೆ, ಮೊಣಕಾಲು ನೋವು. ಯಾರೋ ಹೇಳಿದರಂತೆ, ಕಾಡಿನ ಒಳಗೆ ಒಂದು ಜಲಪಾತ ಇದೆ, ಅದರ ಪಕ್ಕದಲ್ಲೇ ಭೂಮಿಯಿಂದ ಬಿಸಿನೀರು ಉಕ್ಕುವ ಬುಗ್ಗೆ ಇದೆ, ಅದರಲ್ಲಿ ಕೂತೆದ್ದರೆ ಮೊಣಕಾಲು ಹದಿನಾರರ ಹುಡುಗಿಯದಾಗುತ್ತದೆ ಅಂತ. ಅರಣ್ಯ ಇಲಾಖೆಯವರು ಅಲ್ಲಿ ಟೆಂಟು ಹಾಕಿ ಶಿಬಿರ ನಡೆಸುತ್ತಿದ್ದರು. ಎಲ್ಲರೂ ಹೋಗೋಣ ಅಂತ ತೀರ್ಮಾನವಾಯಿತು. ಭಾವಮೈದ ಅಲ್ಲೇ ಅಂಗಡಿಯ ಸ್ಟೂಲಿನ ಮೇಲೆ ಕೂತು ಶಿಬಿರಕ್ಕೆ ಫೋನು ಮಾಡಿದ. ಟೆಂಟು ಖಾಲಿ ಇಲ್ಲ ಅಂದರು. ಅವನ ಕಣ್ಣು ಬಾಗಿಲಾಚೆ, ಇನ್ನೂ ಪೇಂಟು ಒಣಗದ ಬೋರ್ಡಿನ ಮೇಲೆ ಬಿತ್ತು.

"ನೋಡಿ ಸಾರ್, ಬರ್ತಿರೋದು ಯಾರು ಅಂತ ಕೇಳಿದ್ರಾ? ಬಿಸಿನೀರಿನ ತಜ್ಞರು! ನಮ್ಮ ಭಾವ! ಗೀಸರ್ ಅಂದ್ರೆ ಇವರು, ಇವರು ಅಂದ್ರೆ ಗೀಸರ್!"

ಆ ಕಡೆ ಕುರ್ಚಿ ಹಿಂದಕ್ಕೆ ಸರಿದ ಸದ್ದು. ಆಮೇಲೆ, "ದಯವಿಟ್ಟು ಬನ್ನಿ ಸಾರ್, ದೊಡ್ಡ ಟೆಂಟೇ ಕೊಡ್ತೀವಿ."

"ನೋಡಿದ್ರಾ ಭಾವ, ಮಾತಿನ ಮಹಿಮೆ?" ಅಂದ ಭಾವಮೈದ. ಅದು ಯಾವ ಮಹಿಮೆ ಅಂತ ಆಗ ಯಾರಿಗೂ ಗೊತ್ತಿರಲಿಲ್ಲ.

ಹೊರಡುವ ದಿನ ಬೀದಿಗೆ ಬೀದಿಯೇ ಸಲಹೆ ಕೊಡಲು ನಿಂತಿತು. ಕನ್ನಡಕದ ಅಂಗಡಿಯವನು ಕಾಡಿನಲ್ಲಿ ಪ್ರಾಣಿ ಎದುರಾದರೆ ಕಣ್ಣಲ್ಲಿ ಕಣ್ಣಿಟ್ಟು ನೋಡಬೇಕು ಅಂದ. ಬೀಗದವನು ಕಣ್ಣು ಮುಚ್ಚಿಕೊಳ್ಳಬೇಕು ಅಂದ. ಇಬ್ಬರೂ ಅದೇ ವಿಷಯಕ್ಕೆ ಜಗಳಕ್ಕೆ ನಿಂತದ್ದರಿಂದ ಗೀಸರಣ್ಣ ಬಚಾವಾದ. ಮೇಲಿನ ಮನೆಯ ಟೀಚರಮ್ಮ ಒಂದು ಫ್ಲಾಸ್ಕು ಕೊಟ್ಟು, "ಬುಗ್ಗೆ ನೀರು ತನ್ನಿ, ಬಿಸಿ ಆರಬಾರ್ದು," ಅಂದರು.

ಅತ್ತೆ ನಿವೃತ್ತ ಮುಖ್ಯೋಪಾಧ್ಯಾಯಿನಿ. ಮಗಳನ್ನು ಒಬ್ಬ ಪ್ರೊಫೆಸರಿಗೆ ಕೊಡಬೇಕೆಂದಿದ್ದವರು. ಅಳಿಯನ ಬಗ್ಗೆ ಯಾರಾದರೂ ಕೇಳಿದರೆ, "ಏನೋ ಸ್ವಂತ ಉದ್ಯೋಗ," ಅಂದು ಮಾತನ್ನು ಹವಾಮಾನದ ಕಡೆ ತಿರುಗಿಸುತ್ತಿದ್ದರು.

ಶಿಬಿರದ ಬಾಗಿಲಲ್ಲೇ ಅಧಿಕಾರಿ ಕಾಯುತ್ತಿದ್ದ. ಇಸ್ತ್ರಿ ಮಾಡಿದ ಸಮವಸ್ತ್ರ, ಪಾಲಿಶ್ ಹಾಕಿದ ಬೂಟು, ನಿದ್ದೆಗೆಟ್ಟ ಕಣ್ಣು. ಬಸ್ಸಿಳಿದ ಗೀಸರಣ್ಣನ ಕೈಯಿಂದ ಚೀಲ ಕಿತ್ತುಕೊಂಡು, "ನಿಮ್ಮಂಥವರು ಬರೋದು ನಮ್ಮ ಪುಣ್ಯ ಸಾರ್," ಅಂದ. ಗೀಸರಣ್ಣ ಹಿಂದೆ ತಿರುಗಿ ನೋಡಿದ. ಮನೆಯವರನ್ನು ಬಿಟ್ಟರೆ ಯಾರೂ ಇರಲಿಲ್ಲ. ಅದೇ ಬಸ್ಸಿನಿಂದ ಹತ್ತಿಯ ಟೋಪಿ ಹಾಕಿದ ಒಬ್ಬ ನಡುವಯಸ್ಸಿನ ಹೆಂಗಸು, ಬೆನ್ನಿಗೊಂದು ದೊಡ್ಡ ಚೀಲ ಹೊತ್ತು ಇಳಿಯುತ್ತಿದ್ದರು ಅಷ್ಟೆ.

"ನಮಸ್ಕಾರ. ನಾನು ಇಲ್ಲಿ ಬುಗ್ಗೆ ನೋಡೋಕೆ ಬಂದಿದ್ದೀನಿ," ಅಂದರು ಆ ಹೆಂಗಸು.

"ಎಲ್ಲರೂ ಬರೋದು ಅದಕ್ಕೇನೇ ಅಮ್ಮಾ," ಅಂದ ಅಧಿಕಾರಿ. "ಇವತ್ತು ತಜ್ಞರು ಬಂದಿದ್ದಾರೆ, ನಮಗೆ ಪುರುಸೊತ್ತಿಲ್ಲ. ಅಡುಗೆಮನೆ ಹಿಂದೆ ಒಂದು ಸಣ್ಣ ಟೆಂಟಿದೆ, ಅದರಲ್ಲಿರಿ. ಹೊಗೆ ಬಂದ್ರೆ ಈ ಕಡೆ ತಿರುಗಿ ಮಲಗಿ."

ಟೋಪಿಯ ಅಮ್ಮ ತಜ್ಞರನ್ನು ಮೇಲಿಂದ ಕೆಳಗೆ ನೋಡಿದರು. ಏನೋ ಹೇಳಲು ಬಾಯಿ ತೆರೆದವರು, ಮುಚ್ಚಿಕೊಂಡು, ನಕ್ಕು, ಹೊಗೆಯ ಕಡೆ ನಡೆದರು.

ಅಧಿಕಾರಿ ಎಲ್ಲರನ್ನೂ ತನ್ನ ವರಾಂಡದಲ್ಲಿ ಕೂರಿಸಿ ಟೀ ತರಿಸಿದ. ಗೀಸರಣ್ಣ ಒಂದು ಗುಟುಕು ಕುಡಿದಿದ್ದನೋ ಇಲ್ಲವೋ, ಅಧಿಕಾರಿ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು ಪಿಸುಗುಟ್ಟಿದ.

"ಸಾರ್, ನೀರು ಬಿಸಿ ಆಗ್ತಿಲ್ಲ."

ಗೀಸರಣ್ಣನ ಜೀವ ತಂಪಾಯಿತು. ಈ ಮಾತನ್ನು ಅವನು ದಿನಾ ಕೇಳುತ್ತಿದ್ದ. ಓಹೋ, ಇವನ ಬಚ್ಚಲಿನ ಗೀಸರು ಕೆಟ್ಟಿದೆ, ಅದಕ್ಕೇ ಈ ಮರ್ಯಾದೆ! ಕಾಲ ಮೇಲೆ ಕಾಲು ಹಾಕಿಕೊಂಡ.

"ಪೂರ್ತಿ ತಣ್ಣಗೋ, ಉಗುರು ಬೆಚ್ಚಗೋ?"

"ಉಗುರು ಬೆಚ್ಚಗೆ ಸಾರ್."

"ಹಾಗಾದ್ರೆ ಜೀವ ಇದೆ. ಎಷ್ಟು ಹಳೇದು?"

"ಲಕ್ಷಾಂತರ ವರ್ಷ ಆಗಿರಬಹುದು ಅಂತಾರೆ ಸಾರ್."

ಸರ್ಕಾರಿ ಕಟ್ಟಡ, ಹಳೆಯದಾಗಿರುವುದು ಸಹಜ ಅಂದುಕೊಂಡ ಗೀಸರಣ್ಣ, ನಕ್ಕು, "ಅಷ್ಟು ಹಳೇದಕ್ಕೆ ರಿಪೇರಿ ದಂಡ. ಕಿತ್ತು ಹಾಕಿ ಹೊಸದು ಕೂರಿಸಿಬಿಡಿ," ಅಂದ.

ಅಧಿಕಾರಿ ಎದೆ ಹಿಡಿದುಕೊಂಡ. "ಹೊಸದಾ? ಅದು... ಆಗುತ್ತಾ ಸಾರ್?"

"ಯಾಕಾಗಲ್ಲ? ಗೋಡೆ ಗಟ್ಟಿ ಇರಬೇಕು ಅಷ್ಟೆ. ಸದ್ಯಕ್ಕೆ ಅದು ಬೇಡ ಅಂದ್ರೆ, ಒಳಗೆ ಬೆಳ್ಳಗೆ ಸುಣ್ಣ ಕಟ್ಟಿದ್ಯಾ ನೋಡಿ."

"ಕಟ್ಟಿದೆ ಸಾರ್! ಸುತ್ತ ಕಲ್ಲಿನ ಮೇಲೆಲ್ಲ ಕಟ್ಟಿದೆ! ನೋಡದೇನೇ ಹೇಳಿಬಿಟ್ರಲ್ಲ!"

"ಅದೇ ಕಾಯಿಲೆ. ಆಸಿಡ್ ಸುರಿದು, ಉದ್ದದ ಬ್ರಷ್ಷಲ್ಲಿ ಚೆನ್ನಾಗಿ ಉಜ್ಜಿಸಿ. ಕುದಿಯೋ ನೀರು ಬರ್ಲಿಲ್ಲ ಅಂದ್ರೆ ನನ್ನ ಹೆಸರೇ ಅಲ್ಲ."

ಅಧಿಕಾರಿ ಅಲ್ಲಿಂದಲೇ ಅಡುಗೆಯವನನ್ನು ಕೂಗಿದ. ಅಡುಗೆಯವನು ಬಾಗಿಲಷ್ಟು ಅಗಲದ ಆಳು, ಹೇಳಿದ ಕೆಲಸವನ್ನು ಹೇಳಿ ಮುಗಿಸುವ ಮೊದಲೇ ಮಾಡಹೊರಡುವವನು. "ಕೆಳಗಿನ ಊರಿಗೆ ಹೋಗು, ಎಷ್ಟು ಆಸಿಡ್ ಸಿಗುತ್ತೋ ಅಷ್ಟೂ ತಾ!" ಅಂದದ್ದೇ ತಡ, ಸೈಕಲ್ಲಿನ ಗಂಟೆ ಇಳಿಜಾರಿನಲ್ಲಿ ಮರೆಯಾಯಿತು.

"ಒಂದೇ ಸಂಕಟ ಸಾರ್," ಅಂದ ಅಧಿಕಾರಿ. "ಅದರೊಳಗಿರೋ ಮೀನುಗಳ ಗತಿ?"

"ಗೀಸರೊಳಗೆ ಮೀನಾ?" ಟೀ ಗೀಸರಣ್ಣನ ಮೂಗಿಗೆ ಹತ್ತಿತು.

"ಹೌದು ಸಾರ್. ನೀರು ಆರಿದ ಮೇಲೆ ಜಲಪಾತದಿಂದ ಬಂದು ಸೇರಿಕೊಂಡಿವೆ. ನಮ್ಮ ಪುಸ್ತಕದಲ್ಲೂ ಇದೆ, ಭೂಮಿಯಿಂದ ಚಿಮ್ಮೋ ಬಿಸಿನೀರಿಗೆ ಗೀಸರ್ ಅಂತಾರೆ ಅಂತ. ನಿಮಗೆ ಹೇಳಬೇಕಾ! ಇಲಾಖೆಗೆ ಎಷ್ಟು ಸಲ ಬೇಡಿಕೊಂಡೆ, ತಜ್ಞರನ್ನ ಕಳಿಸಿ ಅಂತ. ಬುಗ್ಗೆ ಹೀಗೇ ತಣ್ಣಗಾದ್ರೆ ಶಿಬಿರ ಮುಚ್ತಾರಂತೆ, ನನ್ನನ್ನ ಗೋದಾಮಿಗೆ ಹಾಕ್ತಾರಂತೆ. ಗೋದಾಮಿನಲ್ಲಿ ಕಿಟಕಿ ಇಲ್ಲ ಸಾರ್!" ಅವನ ಕಣ್ಣಲ್ಲಿ ನೀರು ತುಂಬಿತು. ಅದು ಮಾತ್ರ ಬಿಸಿಯಾಗಿಯೇ ಇತ್ತು.

ಗೀಸರಣ್ಣನಿಗೆ ಈಗ ಅರ್ಥವಾಯಿತು. ಎದ್ದು ನಿಂತು, "ನೋಡಿ, ಒಂದು ತಪ್ಪು ತಿಳುವಳಿಕೆ..." ಅಂತ ಶುರು ಮಾಡಿದ. ಭಾವಮೈದ ಅವನ ತೊಡೆ ಚಿವುಟಿ ಕೂರಿಸಿ, "ತಪ್ಪು ತಿಳ್ಕೋಬೇಡಿ, ವಿಜ್ಞಾನ ಅಂದ್ರೆ ಸ್ವಲ್ಪ ತ್ಯಾಗ ಇದ್ದಿದ್ದೇ ಅಂತಿದ್ದಾರೆ," ಅಂದುಬಿಟ್ಟ.

ಇಷ್ಟೇ ಆಗಿದ್ದರೆ ಗೀಸರಣ್ಣ ಮತ್ತೆ ಎದ್ದು ಹೇಳಿಬಿಡುತ್ತಿದ್ದನೋ ಏನೋ. ಆದರೆ ಅದೇ ಹೊತ್ತಿಗೆ ಪಕ್ಕದ ಟೆಂಟಿನ ಪ್ರವಾಸಿ ಹೆಂಗಸೊಬ್ಬಳು ಬಂದು, "ತಜ್ಞರು ನಿಮಗೇನಾಗ್ಬೇಕು?" ಅಂತ ಅತ್ತೆಯನ್ನು ಕೇಳಿದಳು. ಅತ್ತೆ ಬೆನ್ನು ನೆಟ್ಟಗೆ ಮಾಡಿ, ಶಾಲೆಯ ಗಂಟೆಯಂಥ ದನಿಯಲ್ಲಿ ಹೇಳಿದರು: "ನಮ್ಮ ಅಳಿಯಂದಿರು."

ಮದುವೆಯಾದಂದಿನಿಂದ ಅವರು ಈ ಮಾತನ್ನು ಹವಾಮಾನ ಸೇರಿಸದೆ ಹೇಳಿದ್ದು ಅದೇ ಮೊದಲು. ಗೀಸರಣ್ಣ ಟೀ ಕುಡಿದು ಮುಗಿಸಿದ.

ಟೆಂಟಿನೊಳಗೆ ಹೆಂಡತಿ ಅವನನ್ನು ಹಿಡಿದಳು. ಅಂಗಡಿಯ ಫೋನು ತೆಗೆಯುವವಳು ಅವಳೇ. ಯಾವ ಗೀಸರು ನಿಜವಾಗಿ ಕೆಟ್ಟಿದೆ, ಯಾವುದರ ಸ್ವಿಚ್ಚು ಹಾಕಿಲ್ಲ ಅಂತ ದನಿಯಲ್ಲೇ ಹೇಳಬಲ್ಲವಳು.

"ಹೋಗಿ ನಿಜ ಹೇಳಿ ಬನ್ನಿ."

"ಹೇಳ್ತೀನಿ. ಅತ್ತೆ ಸ್ವಲ್ಪ ಖುಷಿಯಾಗಿದ್ದಾರೆ. ಒಂದು ರಾತ್ರಿ ಹೋಗ್ಲಿ."

"ನಮ್ಮಮ್ಮ ಖುಷಿಯಾಗಿರೋದು ನೋಡಿ ನನಗೇ ಭಯ ಆಗ್ತಿದೆ, ನಿಮಗೆ ಆಗ್ತಿಲ್ವಾ?"

ಅಷ್ಟರಲ್ಲಿ ಹೊರಗೆ ಸೀಟಿ ಕೇಳಿಸಿತು. ತಜ್ಞರು ಬುಗ್ಗೆ ನೋಡಲು ಹೊರಡುವ ಹೊತ್ತಾಗಿತ್ತು.

ಅದು ನೋಡುವಂಥ ಮೆರವಣಿಗೆ. ಮುಂದೆ ಕೋಲಿನಿಂದ ಪೊದೆ ಬಡಿಯುತ್ತಾ ಅಧಿಕಾರಿ. ಹಿಂದೆ, ಬಲಿಗೆ ಹೊರಟ ಕುರಿಯ ಠೀವಿಯಲ್ಲಿ ಗೀಸರಣ್ಣ. ಅವನ ಹಿಂದೆ ಮಗಳ ಭುಜ ಹಿಡಿದ ಅತ್ತೆ, ದಾರಿಯುದ್ದಕ್ಕೂ ವಿಮೆ ಮಾರುತ್ತಾ ಭಾವಮೈದ, ಶಿಬಿರದ ಪ್ರವಾಸಿಗಳು, ಎಲ್ಲರ ಕೊನೆಗೆ ಟೋಪಿಯ ಅಮ್ಮ. ಕಾಡು ದಾಟುತ್ತಿದ್ದಂತೆ ಜಲಪಾತದ ಸದ್ದು ಮೊದಲು, ತುಂತುರು ಆಮೇಲೆ, ಕೊನೆಗೆ ಜಲಪಾತವೇ ಬಂತು. ಬಂಡೆಯ ಎತ್ತರದಿಂದ ಬೆಳ್ಳಗೆ ಧುಮುಕಿ, ನಡುವೆ ಒಂದು ಮೆಟ್ಟಿಲಿನಲ್ಲಿ ಉಸಿರು ತೆಗೆದುಕೊಂಡು, ಮತ್ತೆ ಧುಮುಕುತ್ತಿತ್ತು. ಅದರ ಮಗ್ಗುಲಲ್ಲೇ ಕಲ್ಲು ಕಟ್ಟಿದ ಬುಗ್ಗೆಯ ಕೊಳ. ಕೊಳದ ಕೆಳಗೆ, ಪಾಚಿ ಹಿಡಿದ ಇಳಿಜಾರಿನ ತುದಿಯಲ್ಲಿ, ಜರಿಗಿಡ ಮುಚ್ಚಿಕೊಂಡ ಇನ್ನೊಂದು ಸಣ್ಣ ಗುಂಡಿ. ಅದರ ಕಡೆ ಯಾರೂ ಹೋಗುತ್ತಿರಲಿಲ್ಲ.

ಗೀಸರಣ್ಣ ಎಲ್ಲವನ್ನೂ ಮರೆತು ಬಾಯಿ ತೆರೆದು ನಿಂತ. ಜನ್ಮವಿಡೀ ನೀರಿನ ಜೊತೆ ಕೆಲಸ ಮಾಡಿದವನು, ನಲ್ಲಿ ಇಲ್ಲದೆ ಇಷ್ಟು ನೀರು ಬರುವುದನ್ನು ನೋಡಿದ್ದು ಇದೇ ಮೊದಲು.

"ತಜ್ಞರು ಧ್ಯಾನದಲ್ಲಿದ್ದಾರೆ," ಅಂತ ಅಧಿಕಾರಿ ಎಲ್ಲರಿಗೂ ಪಿಸುಗುಟ್ಟಿದ. ಆಮೇಲೆ ಕೊಳದಿಂದ ಒಂದು ಬಟ್ಟೆಯ ಗಂಟು ಮೇಲಕ್ಕೆಳೆದು, ಅದರೊಳಗಿನ ಮೊಟ್ಟೆ ತೆಗೆದ. "ಬೆಳಗ್ಗೆ ಬಿಟ್ಟಿದ್ದು ಸಾರ್. ಮೊದಲೆಲ್ಲ ಟೀ ಕುಡಿದು ಬರೋದ್ರೊಳಗೆ ಬೆಂದು ಕಲ್ಲಾಗಿರ್ತಿತ್ತು. ಈಗ ನೋಡಿ." ಬಂಡೆಗೆ ಬಡಿದ. ಮೊಟ್ಟೆ ಒಡೆದು ಭಾವಮೈದನ ಹೊಸ ಬೂಟಿನ ಮೇಲೆ ಹಸಿಹಸಿಯಾಗಿ ಹರಿಯಿತು. ಎಲ್ಲರೂ ತಜ್ಞರ ಮುಖ ನೋಡಿದರು.

ಟೋಪಿಯ ಅಮ್ಮ ಮುಂದೆ ಬಂದು, "ನಿಮ್ಮ ಅಭಿಪ್ರಾಯದಲ್ಲಿ ಶಾಖ ಎಲ್ಲಿಂದ ಬರುತ್ತೆ?" ಅಂತ ಮೃದುವಾಗಿ ಕೇಳಿದರು.

"ಕೆಳಗಿಂದ," ಅಂದ ಗೀಸರಣ್ಣ, ಕಾಯಿಲು ಇರುವುದು ಕೆಳಗೇ ತಾನೆ ಅಂದುಕೊಂಡು.

"ಸರಿ. ತಣ್ಣೀರು?"

"ಅದು... ಮೇಲಿಂದ."

"ಅದೂ ಸರಿ."

ಪ್ರವಾಸಿಗಳು ಚಪ್ಪಾಳೆ ತಟ್ಟಿದರು. ಅತ್ತೆ ಕಣ್ಣೊರೆಸಿಕೊಂಡರು.

ಸರಿಯಾಗಿ ಆಗಲೇ ಅಡುಗೆಯವನು ಏದುಸಿರು ಬಿಡುತ್ತಾ ಬಂದ. ಒಂದು ಹೆಗಲ ಮೇಲೆ ದೊಡ್ಡ ಕ್ಯಾನು, ಇನ್ನೊಂದರ ಮೇಲೆ ಉದ್ದ ಕೋಲಿನ ಬ್ರಷ್ಷು. "ಸಿಕ್ತು ಸಾರ್! ಊರೆಲ್ಲ ಸುತ್ತಿ ತಂದೆ. ಎಲ್ಲಿ ಸುರೀಲಿ?" ಅನ್ನುತ್ತಲೇ ಮುಚ್ಚಳ ತಿರುಗಿಸತೊಡಗಿದ.

ಟೋಪಿಯ ಅಮ್ಮನ ನಗು ಮಾಯವಾಯಿತು. "ಏನದು? ನಿಲ್ಲಿಸಿ!" ಅಂದರು.

"ತಜ್ಞರು ಹೇಳಿದ್ದಾರೆ, ನೀವು ಪಕ್ಕಕ್ಕೆ ಬನ್ನಿ ಅಮ್ಮಾ," ಅಂದ ಅಧಿಕಾರಿ.

ಗೀಸರಣ್ಣ ಕೊಳದೊಳಗೆ ನೋಡಿದ. ಬೆರಳುದ್ದದ ಮೀನುಗಳು, ಮೇಲೆ ಏನು ಗಲಾಟೆ ಅಂತ ತಿಳಿಯಲು ಬಂದ ಅಕ್ಕಪಕ್ಕದ ಮನೆಯವರ ಹಾಗೆ, ಗುಂಪಾಗಿ ಬಾಯಿ ತೆರೆದು ನಿಂತಿದ್ದವು. ಅವನು ಅತ್ತೆ, ಟೆಂಟು, ಮರ್ಯಾದೆ ಎಲ್ಲ ಮರೆತು, "ಬೇಡಾ!" ಅಂತ ಕಿರುಚಿ, ಅಡುಗೆಯವನ ಮೇಲೆ ಹಾರಿ, ಎರಡೂ ಕಾಲು ತಬ್ಬಿಕೊಂಡ.

ಅಡುಗೆಯವನು ಇದೂ ಚಿಕಿತ್ಸೆಯ ಭಾಗವೇ ಅಂದುಕೊಂಡು, "ಇಲ್ಲೇ ಸುರೀಲಾ ಸಾರ್?" ಅಂತ ಕೇಳಿದ. ಕ್ಯಾನು ಓಲಾಡಿತು. ಇನ್ನೇನು ಬೀಳಬೇಕು, ಗೀಸರಣ್ಣನ ಹೆಂಡತಿ ಅತ್ತ ಅಮ್ಮನನ್ನು ಬಿಟ್ಟು ಇತ್ತ ಕ್ಯಾನನ್ನು ಗಾಳಿಯಲ್ಲೇ ಹಿಡಿದು, ಮುಚ್ಚಳ ಬಿಗಿದು, ಕಂಕುಳಿಗೆ ಇಟ್ಟುಕೊಂಡಳು. ಏಣಿಯ ಮೇಲಿಂದ ಗಂಡ ಬೀಳಿಸುವ ಸಾಮಾನು ಹಿಡಿದು ಪಳಗಿದ ಕೈ ಅದು. ಆದರೆ ಗಂಡನನ್ನು ಹಿಡಿಯಲು ಮೂರನೆಯ ಕೈ ಇರಲಿಲ್ಲ. ಗೀಸರಣ್ಣ ಪಾಚಿಯ ಮೇಲೆ ಜಾರಿ, ಕೂತ ಭಂಗಿಯಲ್ಲೇ, ಜಾರುಬಂಡೆ ಆಡುವ ಮಗುವಿನ ಹಾಗೆ ಸರ್‍ರನೆ ಇಳಿದು, ಜರಿಗಿಡಗಳನ್ನು ಸೀಳಿಕೊಂಡು, ಕೆಳಗಿನ ಗುಂಡಿಯಲ್ಲಿ ಧಬಕ್ಕನೆ ಕೂತ.

ಎಲ್ಲರೂ ಅಂಚಿಗೆ ಓಡಿದರು. ಸೊಂಟದವರೆಗೆ ಕೆಸರು ನೀರಿನಲ್ಲಿ ಕೂತವನು ಕೈ ಎತ್ತಿದ.

"ಯಾರೂ ಏನೂ ಸುರೀಬೇಡಿ! ನಾನು ತಜ್ಞ ಅಲ್ಲ!"

ಅಧಿಕಾರಿ ಕೋಲು ಊರಿಕೊಂಡು ಬಗ್ಗಿ ನೋಡಿದ.

"ನಾನು ಬಚ್ಚಲಮನೆ ಗೀಸರ್ ರಿಪೇರಿ ಮಾಡೋನು! ಬೋರ್ಡಲ್ಲಿ ಜಾಗ ಖಾಲಿ ಇತ್ತು, ಅದಕ್ಕೇ ಹಾಗೆ ಬರೆಸಿದ್ದು! ಅಯ್ಯೋ! ಈ ಬುಗ್ಗೆ ಬಗ್ಗೆ ನನಗೇನೂ ಗೊತ್ತಿಲ್ಲ! ಅಯ್ಯಯ್ಯೋ! ಅತ್ತೇ, ಕ್ಷಮಿಸಿ! ಅಯ್ಯಯ್ಯಯ್ಯೋ!"

ಒಂದೊಂದು ಮಾತಿಗೂ ಅವನ ಕೂಗು ಏರುತ್ತಾ ಹೋಯಿತು.

"ಪಶ್ಚಾತ್ತಾಪ," ಅಂದರು ಅತ್ತೆ, ದನಿ ನಡುಗಿಸುತ್ತಾ. "ಎಷ್ಟು ಸಂಕಟಪಡ್ತಿದ್ದಾರೆ, ಪಾಪ."

"ಪಶ್ಚಾತ್ತಾಪ ಅಲ್ಲಮ್ಮಾ," ಅಂದರು ಟೋಪಿಯವರು. "ಅವರ ಸುತ್ತ ನೋಡಿ. ಆವಿ!"

ನಿಜ. ಮುರಿದ ಜರಿಗಿಡಗಳ ನಡುವಿನಿಂದ ಬೆಳ್ಳಗೆ ಆವಿ ಏಳುತ್ತಿತ್ತು. ಗೀಸರಣ್ಣ ಅಷ್ಟು ಹೊತ್ತಿಗೆ ಕೂತಲ್ಲಿಂದ ಚಿಮ್ಮಿ, ಯಾವ ಬುಗ್ಗೆಗೂ ಸಾಧ್ಯವಾಗದ ಎತ್ತರಕ್ಕೆ ಎದ್ದು, ದಡ ಸೇರಿದ್ದ.

ಟೋಪಿಯ ಅಮ್ಮ ಸರಸರನೆ ಕೆಳಗಿಳಿದು, ಬೆನ್ನ ಚೀಲದಿಂದ ತಂತಿ ಸುತ್ತಿದ ಒಂದು ಉಪಕರಣ ತೆಗೆದು ಗುಂಡಿಗೆ ಇಳಿಬಿಟ್ಟರು. ನೋಡಿದರು. ಇನ್ನೊಮ್ಮೆ ನೋಡಿದರು. ಆಮೇಲೆ ಅಧಿಕಾರಿಯ ಕಡೆ ತಿರುಗಿ, "ನಾನು ನಿಮ್ಮ ಇಲಾಖೆ ಕಳಿಸಿರೋ ಭೂವಿಜ್ಞಾನಿ," ಅಂದರು. "ಬಸ್ಸಿಳಿದಾಗ್ಲೇ ಹೇಳೋಣ ಅಂತಿದ್ದೆ. ನೀವು ಇನ್ನೊಬ್ಬ ತಜ್ಞರನ್ನ ಕರೆಸಿದ್ದೀರಿ ಅಂತ ಗೊತ್ತಾಯ್ತು. ಅವರೇನು ಹೇಳ್ತಾರೆ ಕೇಳೋಣ ಅಂತ ಕುತೂಹಲ ಆಯ್ತು."

ಅಧಿಕಾರಿಯ ಮುಖ, ಹೊಗೆ ತುಂಬಿದ ಸಣ್ಣ ಟೆಂಟನ್ನು ನೆನೆದು, ಬೂದಿಯ ಬಣ್ಣಕ್ಕೆ ತಿರುಗಿತು.

"ನಿಮ್ಮ ಬುಗ್ಗೆ ತಣ್ಣಗಾಗಿಲ್ಲ. ಹಳೇ ಬಾಯಿ ಕಟ್ಟಿಕೊಂಡಿದೆ, ಅದಕ್ಕೇ ಬಿಸಿನೀರು ಇಲ್ಲಿ ಹೊಸ ದಾರಿ ಮಾಡ್ಕೊಂಡಿದೆ. ಇಲ್ಲೊಂದು ಕೊಳ ಕಟ್ಟಿ, ಜಲಪಾತದ ತಣ್ಣೀರು ಸ್ವಲ್ಪ ಬೆರೆಸಿದ್ರೆ ಮುಗೀತು. ಆ ಕೊಳ ಮೀನುಗಳಿಗೇ ಇರ್ಲಿ. ಶಿಬಿರ ಮುಚ್ಚೋ ಪ್ರಶ್ನೆಯೇ ಇಲ್ಲ."

ಅಧಿಕಾರಿ ಅಳುವುದೋ ನಗುವುದೋ ತಿಳಿಯದೆ ಎರಡನ್ನೂ ಸ್ವಲ್ಪ ಸ್ವಲ್ಪ ಮಾಡಿ, ಗೀಸರಣ್ಣನ ಕಡೆ ಬೆರಳು ತೋರಿಸಿದ. "ಆದ್ರೂ ಇವರು ನನಗೆ ಮೋಸ ಮಾಡಿದ್ರು ಮೇಡಂ!"

"ಮಾಡಿದ್ರು. ಆದ್ರೆ ಆಸಿಡ್ ತಡೆದಿದ್ದೂ ಅವರೇ. ನಾನಾಗಿದ್ರೆ ಬಂಡೆ ಬಂಡೆ ಅಳೀತಾ ವಾರಗಟ್ಟಲೆ ತಿರುಗ್ತಿದ್ದೆ. ಇವರು ಕೂತಲ್ಲೇ ಹುಡುಕಿಬಿಟ್ರು."

"ನಾನು ಫೋನಲ್ಲೇ ಹೇಳಿರ್ಲಿಲ್ವಾ ಸಾರ್?" ಅಂತ ಭಾವಮೈದ ಮುಂದೆ ನುಗ್ಗಿದ. ಅಕ್ಕ ಕಂಕುಳಲ್ಲಿದ್ದ ಕ್ಯಾನನ್ನು ಅವನ ಕೈಗಿಟ್ಟು, "ಇದನ್ನ ಕೆಳಗಿನ ಊರಿನ ಅಂಗಡಿಗೆ ವಾಪಸ್ ಕೊಟ್ಟು ಬಾ. ನಡ್ಕೊಂಡೇ ಹೋಗು," ಅಂದಳು. ಅವನು ಹೋದ. ಮಾತಿಲ್ಲದೆ ಹೋದ. ಅದನ್ನು ನೋಡಿದ ಪ್ರವಾಸಿಗಳು ಆಮೇಲೆ ಬಹಳ ದಿನ ಜಲಪಾತಕ್ಕಿಂತ ಅದನ್ನೇ ಹೇಳಿಕೊಂಡರಂತೆ.

ಅತ್ತೆ ನಿಧಾನವಾಗಿ ಅಳಿಯನ ಬಳಿ ಬಂದರು. ಗೀಸರಣ್ಣ ತಲೆ ತಗ್ಗಿಸಿದ. ನೀರು ತೊಟ್ಟಿಕ್ಕುತ್ತಿತ್ತು, ಕಿವಿಯ ಮೇಲೊಂದು ಜರಿಯೆಲೆ ನಿಂತಿತ್ತು.

"ನೀವು ತಜ್ಞರಲ್ಲ ಅಂತ ನನಗೆ ಮೊದಲೇ ಗೊತ್ತಿತ್ತು," ಅಂದರು ಅತ್ತೆ. "ಹೊಗಳಿಕೆ ಬಂದಾಗ ಸುಮ್ಮನೆ ತಗೊಂಡೆ, ಅದು ನನ್ನ ತಪ್ಪು. ಆದರೆ ಇಷ್ಟು ಜನರ ಮುಂದೆ ನಿಜ ಹೇಳೋ ಎದೆ ನಿಮಗಿದೆ ಅಂತ ಗೊತ್ತಿರ್ಲಿಲ್ಲ." ಜರಿಯೆಲೆಯನ್ನು ಅವರೇ ತೆಗೆದು ಎಸೆದರು. ಮರುಕ್ಷಣ ಮುಖ್ಯೋಪಾಧ್ಯಾಯಿನಿ ವಾಪಸ್ಸು ಬಂದರು: "ಏನು ನೋಡ್ತಾ ನಿಂತಿದ್ದೀರಿ ಎಲ್ಲರೂ? ಕಲ್ಲು ತನ್ನಿ! ನನ್ನ ಮೊಣಕಾಲಿಗೆ ಇನ್ನೆಷ್ಟು ಕಾಯಿಸ್ತೀರಿ?"

ಸಂಜೆಯ ಬಿಸಿಲು ಬಂಡೆಯ ಮೇಲೆ ಇರುವಷ್ಟರಲ್ಲೇ ಕೆಲಸ ಆಯಿತು. ಪ್ರವಾಸಿಗಳು ಕಲ್ಲು ಹೊತ್ತರು, ಅಡುಗೆಯವನು ಒಬ್ಬನೇ ನಾಲ್ಕು ಜನರ ಬಂಡೆ ಉರುಳಿಸಿದ, ಭೂವಿಜ್ಞಾನಿ ಹೇಳಿದ ಕಡೆ ಜಲಪಾತದ ಒಂದು ಎಳೆಯನ್ನು ತಿರುಗಿಸಿ ತಂದರು. ಅತ್ತೆ ಸೀರೆಯ ನೆರಿಗೆ ಎತ್ತಿಕೊಂಡು ಮೊಣಕಾಲುದ್ದ ಬಿಸಿನೀರಿಗೆ ಕಾಲು ಬಿಟ್ಟು ಕೂತವರು, "ಆಹಾ," ಅಂದರು. ಭೂವಿಜ್ಞಾನಿ ಟೋಪಿ ತೆಗೆದು ಅವರ ಪಕ್ಕ ಕೂತರು. ಅಧಿಕಾರಿ ಬೂಟು ಬಿಚ್ಚಿ, ಯಾರೂ ನೋಡುತ್ತಿಲ್ಲ ಅಂದುಕೊಂಡು, ಒಂದು ಮೂಲೆಯಲ್ಲಿ ಕಾಲಾಡಿಸತೊಡಗಿದ. ಎಲ್ಲರಿಗೂ ಅಲ್ಲಿಗೇ ಊಟ ಬಂತು.

ಎಲ್ಲರೂ ಕೂತಿದ್ದರು, ಒಬ್ಬ ಗೀಸರಣ್ಣನನ್ನು ಬಿಟ್ಟು. ಅವನಿಗೆ ಕೂರುವುದು ಸದ್ಯಕ್ಕೆ ಆಗದ ಮಾತು. ಅಂಥ ದೊಡ್ಡ ಗಾಯವೇನಲ್ಲ, ಆದರೆ ಜಾಗ ಅಂಥದ್ದು. ಮರಕ್ಕೆ ಭುಜ ಕೊಟ್ಟು, ತಟ್ಟೆ ಕೈಯಲ್ಲಿ ಹಿಡಿದು ನಿಂತೇ ಉಣ್ಣುತ್ತಾ ನೀರು ಬೀಳುವುದನ್ನು ನೋಡುತ್ತಿದ್ದ. ಹೆಂಡತಿ ತನ್ನ ತಟ್ಟೆ ತೆಗೆದುಕೊಂಡು ಬಂದು ಪಕ್ಕದಲ್ಲಿ ನಿಂತಳು.

"ಹೋಗಿ ಕೂತ್ಕೊಂಡು ಊಟ ಮಾಡು," ಅಂದ.

"ನೀವು ನಿಂತಿದ್ದೀರಲ್ಲ."

ಇಬ್ಬರೂ ನಿಂತೇ ಉಂಡರು. ತುಂತುರು ಮುಖಕ್ಕೆ ಬಡಿಯುತ್ತಿತ್ತು.  

"ಮೇಲ್ಗಡೆ ಇನ್ನೊಂದು ಜಲಪಾತ ಇದ್ಯಂತೆ," ಅಂದ ಗೀಸರಣ್ಣ. "ನಾಳೆ ಕರ್ಕೊಂಡು ಹೋಗ್ತಾರಂತೆ."

"ಅದರ ನೀರು ಹೇಗಂತೆ?"

"ಮಂಜುಗಡ್ಡೆ ಹಾಗೆ ಕೊರೆಯುತ್ತಂತೆ."

"ಒಳ್ಳೇದಾಯ್ತು," ಅಂದಳು ಅವಳು, ಅವನ ತಟ್ಟೆಗೆ ತನ್ನ ಪಾಲಿನ ಆಲೂಗಡ್ಡೆ ಹಾಕುತ್ತಾ. "ನಿಮ್ಮನ್ನ ಅಲ್ಲಿ ಕೂರಿಸೋಣ."